ಬಿಸಿಲಿಗೆ ಟೊಪ್ಪಿ ತೊಟ್ಟ ದೇಶ

ಮಗು ಟೊಪ್ಪಿ ಮರೆತು ಶಾಲೆಗೆ ಬಂದರೆ ಆ ದಿನ ಆಟದ ಬಯಲಿಗೆ ಬಿಡದೆ ನೆರಳಿನಲ್ಲೇ ಕೂರಿಸುವ ರೂಢಿ ಆಸ್ಟ್ರೇಲಿಯಾದ ಹಲವು ಶಾಲೆಗಳಲ್ಲಿದೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೂ ಇದರಿಂದ ವಿನಾಯಿತಿ ಇಲ್ಲ. ಬಿಸಿಲಲ್ಲೇ ಆಡಿ ಬೆಳೆದ ನಮಗೆ ಇದು ಅತಿಯೆನಿಸಬಹುದು. ಆದರೆ ಎಪ್ಪತ್ತು ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವ ದೇಶವದು.

ಇದಕ್ಕೆ ಬಿಸಿಲಿನಷ್ಟೇ ವಲಸೆಯೂ ಕಾರಣ. ಹತ್ತಾರು ಸಾವಿರ ವರ್ಷಗಳಿಂದ ಆ ನೆಲದಲ್ಲಿ ಬಾಳಿದ ಮೂಲನಿವಾಸಿಗಳ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೇರಳವಾಗಿದ್ದು, ಸೂರ್ಯನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. 1788ರಿಂದ ಹಡಗುಗಳಲ್ಲಿ ಬಂದಿಳಿದ ಬ್ರಿಟಿಷರ, ಐರಿಷರ ಚರ್ಮವಾದರೋ ಮೋಡ ಮುಸುಕಿದ ನಾಡಿಗೆ ಒಗ್ಗಿದ್ದು.

ವಿಚಿತ್ರವೆಂದರೆ, ವೈದ್ಯರು ಬಿಸಿಲಿನ ಕೇಡನ್ನು ಗುರುತಿಸಿದ್ದೂ ಬಿಸಿಲನ್ನೇ ಮದ್ದೆಂದು ಬರೆದುಕೊಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಜರ್ಮನಿಯ ಪಾಲ್ ಉನ್ನಾ 1894ರಲ್ಲಿ ನಾವಿಕರ ಒರಟಾದ ಚರ್ಮವನ್ನೂ ಅದರಲ್ಲಿ ಹುಟ್ಟುವ ಕ್ಯಾನ್ಸರನ್ನೂ ಬಿಸಿಲಿಗೆ ಜೋಡಿಸಿದ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಆಗಸ್ಟ್ ರೋಲಿಯೆ ಕ್ಷಯರೋಗಿಗಳನ್ನು ಬಿಸಿಲಿಗೆ ಮಲಗಿಸುವ ಆಸ್ಪತ್ರೆ ತೆರೆದ. ಮುಂದೆ ಫ್ಯಾಷನ್ ಲೋಕವೂ ಸೇರಿಕೊಂಡಿತು. ಅದುವರೆಗೆ ಕೂಲಿಯವನ ಗುರುತಾಗಿದ್ದ ಕಂದುಬಣ್ಣ 1920ರ ದಶಕದಿಂದ ಬಿಡುವೂ ಹಣವೂ ಉಳ್ಳವರ ಗುರುತಾಯಿತು. ಅತಿನೇರಳೆ ಕಿರಣದಿಂದ ಇಲಿಗಳಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಜಿ. ಎಂ. ಫಿಂಡ್ಲೆ 1928ರಲ್ಲೇ ತೋರಿಸಿದರೂ ಕಡಲತೀರದಲ್ಲಿ ಮೈಚಾಚಿ ಮಲಗಿದವರು ಮೇಲೇಳಲಿಲ್ಲ.

ಲೆಕ್ಕ ಹಾಕಿ ತೋರಿಸಿದವನು ಸಿಡ್ನಿಯ ಸಂಖ್ಯಾಶಾಸ್ತ್ರಜ್ಞ ಹೆನ್ರಿ ಲ್ಯಾಂಕಾಸ್ಟರ್. ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಅಪಾಯಕಾರಿಯಾದ ಮೆಲನೋಮದಿಂದ ಬಿಳಿಯರು ಸಾಯುವ ಪ್ರಮಾಣ ಸಮಭಾಜಕ ವೃತ್ತದ ಕಡೆಗೆ ಸರಿದಂತೆ ಏರುತ್ತದೆಂದು ಆತ 1956ರಲ್ಲಿ ಪ್ರಕಟಿಸಿದ. ಈ ಕಿರಣಗಳು ಚರ್ಮದ ಜೀವಕೋಶದೊಳಗಿನ ಡಿಎನ್ಎಯನ್ನು ಕೆಡಿಸುತ್ತವೆ. ಬಹುಪಾಲು ದುರಸ್ತಿಯಾಗುತ್ತದೆ, ಉಳಿದ ದೋಷ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. ಬಾಲ್ಯದಲ್ಲಿ ಸುಟ್ಟ ಚರ್ಮ ದಶಕಗಳ ಬಳಿಕ ಲೆಕ್ಕ ಕೇಳುವುದು ಹೀಗೆ.

1981ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ವಿರೋಧಿ ಮಂಡಳಿ ಟೆಲಿವಿಷನ್ ಪರದೆಯ ಮೇಲೆ ಸಿಡ್ ಎಂಬ ಕಡಲಹಕ್ಕಿಯನ್ನು ಕುಣಿಸಿತು. ಅಂಗಿ ತೊಡಿ, ಮುಲಾಮು ಬಳಿಯಿರಿ, ಟೊಪ್ಪಿ ಹಾಕಿ. ಅಷ್ಟೇ ಅದರ ಸಂದೇಶ. ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಆ ಘೋಷಣೆ ಮಕ್ಕಳ ಬಾಯಲ್ಲೂ ನೆಲೆಸಿತು. ನೂರು ಸರ್ಕಾರಿ ಸುತ್ತೋಲೆಗಳಿಂದ ಆಗದ್ದನ್ನು ಈ ಹಕ್ಕಿ ಮಾಡಿತೆಂದರೆ ತಪ್ಪಲ್ಲ.

ಆದರೂ ಮುಲಾಮು ನಿಜಕ್ಕೂ ಕಾಪಾಡುತ್ತದೆಯೇ? ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಎಂಬ ಊರಿನಲ್ಲಿ 1992ರಲ್ಲಿ ಅಡೀಲ್ ಗ್ರೀನ್ ಮತ್ತು ಸಂಗಡಿಗರು 1,621 ಮಂದಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ಅರ್ಧ ಜನ ದಿನವೂ ಬಳಿದುಕೊಳ್ಳಬೇಕು, ಉಳಿದವರು ತಮಗೆ ತೋಚಿದಂತೆ. ಸುಮಾರು ನಾಲ್ಕೂವರೆ ವರ್ಷದ ಬಳಿಕ ನೋಡಿದರೆ ಸ್ಕ್ವೇಮಸ್ ಕೋಶದ ಗಂತಿಗಳು ದಿನವೂ ಬಳಿದವರಲ್ಲಿ ಸುಮಾರು 40 ಶೇಕಡಾ ಕಡಿಮೆ. ಅತಿ ಸಾಮಾನ್ಯವಾದ ಬೇಸಲ್ ಕೋಶದ ಕ್ಯಾನ್ಸರಿನಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಮುಂದಿನ ಲೆಕ್ಕದಲ್ಲಿ ಮೆಲನೋಮ ಒಂದು ಗುಂಪಿನಲ್ಲಿ 11, ಇನ್ನೊಂದರಲ್ಲಿ 22.

ಕೃತಕ ಬಿಸಿಲಿನ ಅಂಗಡಿಗಳು, ಅಂದರೆ ಸೋಲಾರಿಯಂಗಳು, ಅಷ್ಟು ಸುಲಭವಾಗಿ ಬಾಗಿಲು ಹಾಕಲಿಲ್ಲ. ಅಲ್ಲಿ ಮೈಬಣ್ಣ ಮಾಡಿಸಿಕೊಂಡಿದ್ದ ಮೆಲ್ಬರ್ನ್‌ನ 26 ವರ್ಷದ ಯುವತಿಯೊಬ್ಬಳು ಮೆಲನೋಮದಿಂದ ಸಾಯುತ್ತಿರುವಾಗಲೂ ಪತ್ರಿಕೆ, ಟೆಲಿವಿಷನ್‌ಗಳಲ್ಲಿ ಎಚ್ಚರಿಸಿ 2007ರಲ್ಲಿ ತೀರಿಕೊಂಡಳು. 2016ರ ವೇಳೆಗೆ ಎಲ್ಲ ರಾಜ್ಯಗಳಲ್ಲೂ ಅವು ನಿಷೇಧಗೊಂಡವು.

ನಮ್ಮಲ್ಲಿ ಈ ರೋಗ ವಿರಳ. ಆದರೆ ಮೆಲನಿನ್ ಇಲ್ಲದೆ ಹುಟ್ಟಿದವರಿಗೆ ನಮ್ಮ ಬಿಸಿಲೂ ಅಪಾಯವೇ. ಅಂಗಾಲು, ಅಂಗೈಯಲ್ಲಿ ಏಳುವ ಮೆಲನೋಮಕ್ಕಂತೂ ಬಿಸಿಲಿನ ಹಂಗಿಲ್ಲ. ಅಲ್ಲಿ ಹೊಸ ಮಚ್ಚೆ ಕಂಡು ಬೆಳೆಯುತ್ತಿದ್ದರೆ ಕಪ್ಪು ಮೈಯವರೂ ವೈದ್ಯರಿಗೆ ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ, ಸಿಡ್‌ನ ಹಾಡು ಕೇಳುತ್ತ ಬೆಳೆದ ತಲೆಮಾರಿನವರಲ್ಲಿ ಮೆಲನೋಮದ ಪ್ರಮಾಣ ಇಳಿದಿದೆ. ಅವರ ಅಜ್ಜ ಅಜ್ಜಿಯರ ತಲೆಮಾರಿನಲ್ಲಿ ಆ ಇಳಿಕೆ ಕಂಡಿಲ್ಲ.