ಅಚ್ಚಿಗೆ ಬಾರದ ಮಾತು: ಶೌಚ ಕಲಿಸುವ ಚಿತ್ರಪುಸ್ತಕಗಳ ಚರಿತ್ರೆ ಮತ್ತು ಗಡಿನಾಡಿನ ಮಗು

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನದಿಂದ ಶುರು ಮಾಡ್ತೇವೆ, ಇಲ್ಲವೇ 1956ರ ರಾಜ್ಯ ಪುನರ್ವಿಂಗಡಣೆಯಿಂದ, ಇಲ್ಲವೇ ಶಾಲೆಯಿಂದ. ಆದರೆ ಶಾಲೆಗೆ ಬರುವಾಗ ಮಗುವಿಗೆ ಆಗಲೇ ಐದಾರು ವರ್ಷ. ಅದಕ್ಕೂ ಮೊದಲು, ಎರಡು ಮೂರು ವರ್ಷದ ಮಗುವಿನ ಜೊತೆ ಕನ್ನಡ ಹೇಗೆ ಬದುಕುತ್ತದೆ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಆರಿಸಿಕೊಂಡ ಆಕರ ಸ್ವಲ್ಪ ನಗು ತರಿಸುವಂಥದ್ದು: ಮಕ್ಕಳಿಗೆ ಒಂದಕ್ಕೆ, ಎರಡಕ್ಕೆ ಹೋಗುವುದನ್ನು ಕಲಿಸುವ ಚಿತ್ರಪುಸ್ತಕಗಳು ಮತ್ತು ಕಾರ್ಟೂನುಗಳು. ನಗು ಬಂದರೆ ನಗಬಹುದು. ಈ ವಿಷಯ ಅಚ್ಚಿಗೆ ಬರಲು ಇಷ್ಟು ಕಾಲ ಯಾಕೆ ಹಿಡಿಯಿತು ಅನ್ನುವುದಕ್ಕೆ ಆ ನಗುವಿನಲ್ಲೇ ಅರ್ಧ ಉತ್ತರ ಇದೆ.

1. ಹೆದರಿಕೆಯಿಂದ ಒಪ್ಪಿಗೆಯ ಕಡೆಗೆ

ಪುಟ್ಟ ಮಕ್ಕಳ ಅಭ್ಯಾಸ ತಿದ್ದುವ ಚಿತ್ರಪುಸ್ತಕ ಯುರೋಪಿನಲ್ಲಿ ಹಳೆಯದು. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಖ್ ಹಾಫ್‌ಮನ್ ತನ್ನ ಮೂರು ವರ್ಷದ ಮಗನಿಗಾಗಿ ಬರೆದು, ಚಿತ್ರಿಸಿದ 'ಶ್ಟ್ರುವೆಲ್‌ಪೇಟರ್' 1845ರಲ್ಲಿ ಅಚ್ಚಾಯಿತು. ಅಲ್ಲಿ ಬೆರಳು ಚೀಪುವ ಹುಡುಗನ ಹೆಬ್ಬೆರಳನ್ನು ದರ್ಜಿ ಬಂದು ಕತ್ತರಿಸಿಯೇ ಬಿಡುತ್ತಾನೆ. ಅಂದರೆ ಹೆದರಿಸಿ ಕಲಿಸುವುದು.

ಇಪ್ಪತ್ತನೆಯ ಶತಮಾನದ ಶುರುವಿಗೆ ಹೆದರಿಕೆಯ ಜಾಗಕ್ಕೆ ಗಡಿಯಾರ ಬಂತು. ಅಮೆರಿಕದ ಮಕ್ಕಳ ಬ್ಯೂರೋ 1914ರಲ್ಲಿ ತಾಯಂದಿರಿಗಾಗಿ ಹೊರಡಿಸಿದ 'ಇನ್‌ಫಂಟ್ ಕೇರ್' ಎಂಬ ಕೈಪಿಡಿ, ಹುಟ್ಟಿದ ಕೆಲವೇ ತಿಂಗಳಲ್ಲಿ ನಿಗದಿತ ಹೊತ್ತಿಗೆ ಮಗುವನ್ನು ಕೂರಿಸಿ ಅಭ್ಯಾಸ ಮಾಡಿಸಬೇಕು ಅಂದಿತು. ಈ ಎರಡು ಕ್ರಮದಲ್ಲೂ ಮಗುವನ್ನು ಯಾರೂ ಏನೂ ಕೇಳುವುದಿಲ್ಲ.

1962ರಲ್ಲಿ ಮಕ್ಕಳ ವೈದ್ಯ ಬ್ರೇಜಲ್‌ಟನ್ 1170 ಮಕ್ಕಳನ್ನು ಗಮನಿಸಿದ ಲೇಖನವೊಂದನ್ನು ಪ್ರಕಟಿಸಿದರು. ಮಗು ಸಿದ್ಧವಾಗುವ ತನಕ ಕಾಯಿರಿ, ಸುಮಾರು ಹದಿನೆಂಟು ತಿಂಗಳ ಮೇಲೆ ಶುರು ಮಾಡಿ, ಒತ್ತಾಯ ಬೇಡ ಎನ್ನುವುದು ಅವರ ವಾದ. ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿತ್ತು. ಬಿಸಾಡುವ ಡೈಪರ್ ಇದ್ದರೆ ಕಾಯುವುದು ಸುಲಭ. ಮುಂದೆ 1990ರ ದಶಕದ ಕೊನೆಯಲ್ಲಿ ಬ್ರೇಜಲ್‌ಟನ್ ಅವರೇ ಪ್ಯಾಂಪರ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಆದ್ದರಿಂದ ಈ ಬದಲಾವಣೆಯನ್ನು ಬರೀ ಕರುಣೆಯ ಕತೆ ಅಂತ ಓದಲಾಗುವುದಿಲ್ಲ. ಆದರೂ ಒಂದು ಹೊಸದು ಘಟಿಸಿತು: ಎರಡು ವರ್ಷದ ಮಗು ಈಗ ಮಾತು ಬಲ್ಲ ಮಗು. ಅದಕ್ಕೆ ಹೇಳಿ, ತೋರಿಸಿ, ಒಪ್ಪಿಸಬೇಕು. ಒಪ್ಪಿಸುವ ಅಗತ್ಯ ಬಂದಲ್ಲಿ ಪುಸ್ತಕಕ್ಕೆ ಕೆಲಸ ಹುಟ್ಟಿತು.

2. ಎಳೆಯರ ಮಾತು ಅಚ್ಚಾದದ್ದು

1975ರಲ್ಲಿ ಆಲೋನಾ ಫ್ರಾಂಕೆಲ್ ಹೀಬ್ರೂ ಭಾಷೆಯಲ್ಲಿ 'ಸೀರ್ ಹಸ್ಸೀರೀಮ್' ಎಂಬ ಪುಸ್ತಕ ಮಾಡಿದರು. 'ಸೀರ್' ಅಂದರೆ ಪಾತ್ರೆ. ಬೈಬಲಿನ ಪರಮಗೀತದ ಹೀಬ್ರೂ ಹೆಸರು 'ಶೀರ್ ಹಶ್ಶೀರೀಮ್'. ಅತ್ಯಂತ ಪವಿತ್ರ ಪ್ರೇಮಗೀತೆಯ ಹೆಸರನ್ನು ಒಂದಕ್ಷರ ತಿರುಗಿಸಿ ಮಗುವಿನ ಪಾಟಿಗೆ ಇಟ್ಟಿದ್ದಾರೆ! ಫ್ರಾಂಕೆಲ್ ಪೋಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಜಿಗಳಿಂದ ಅಡಗಿ ಬದುಕುಳಿದವರು. ಇಂಗ್ಲಿಷಿಗೆ ಬಂದಾಗ ಇದು 'ಒನ್ಸ್ ಅಪಾನ್ ಎ ಪಾಟಿ' ಆಯಿತು. ಹೀಬ್ರೂವಿನ ನಫ್ತಾಲಿ ಅಲ್ಲಿ ಜೋಶುವಾ ಆದ.

1977ರಲ್ಲಿ ಜಪಾನಿನ ತಾರೋ ಗೋಮಿ 'ಮಿನ್ನಾ ಉಂಚಿ' ಮಾಡಿದರು. 'ಉಂಚಿ' ಎನ್ನುವುದು ಅಲ್ಲಿಯ ಮಕ್ಕಳು ಬಳಸುವ ಮಾತು, ನಮ್ಮ 'ಕಕ್ಕ' ಇದ್ದ ಹಾಗೆ. ಆನೆಯಿಂದ ಹಿಡಿದು ಮನುಷ್ಯರ ತನಕ ಎಲ್ಲರೂ ಮಾಡುವ ಕೆಲಸ ಇದು ಎನ್ನುವುದೇ ಪುಸ್ತಕದ ಸಾರ. 1986ರಲ್ಲಿ ಅಮೆರಿಕದ ಮಕ್ಕಳ ಟಿವಿಯ ಫ್ರೆಡ್ ರಾಜರ್ಸ್ ನಿಜವಾದ ಮನೆಗಳ ಫೋಟೊ ಬಳಸಿ ಇದೇ ವಿಷಯದ ಪುಸ್ತಕ ತಂದರು. ಅವರ ಪರಂಪರೆಯಿಂದಲೇ ಬಂದ 'ಡೇನಿಯಲ್ ಟೈಗರ್' ಕಾರ್ಟೂನು 2012ರಲ್ಲಿ ಶುರುವಾಗಿ, ಇದೇ ಪಾಠವನ್ನು ಚಿಕ್ಕ ಹಾಡಾಗಿ ಹೇಳಿಕೊಟ್ಟಿತು.

ಇವುಗಳಲ್ಲಿ ನಾನು ಗಮನಿಸಿದ್ದು ಒಂದು. ಹೀಬ್ರೂ, ಜಪಾನಿ ಪುಸ್ತಕಗಳು ವೈದ್ಯರ ಪದ ಬಳಸಲಿಲ್ಲ, ಮಡಿಯ ಪದವನ್ನೂ ಬಳಸಲಿಲ್ಲ. ಮನೆಯೊಳಗೆ ಮಗುವಿನ ಬಾಯಲ್ಲಿದ್ದ ಪದವನ್ನೇ ಅಚ್ಚಿಗೆ ಕೊಟ್ಟವು.

3. ಪುಸ್ತಕ ಬೇಡದ ಕಲಿಕೆ

ಹಾಗಾದರೆ ನಮ್ಮಲ್ಲಿ ಯಾಕೆ ಇಂಥ ಪುಸ್ತಕ ಮೊದಲೇ ಹುಟ್ಟಲಿಲ್ಲ? ನಾಚಿಕೆ ಒಂದು ಕಾರಣ ಇರಬಹುದು. ಅದಕ್ಕಿಂತ ದೊಡ್ಡ ಕಾರಣ, ನಮಗೆ ಅದರ ಅಗತ್ಯ ಬೀಳಲಿಲ್ಲ. ತಾಯಿಯೋ ಅಜ್ಜಿಯೋ ಕಾಲು ಚಾಚಿ ಕೂತು, ಎರಡು ಪಾದಗಳ ಮೇಲೆ ಮಗುವನ್ನು ಕೂರಿಸಿ, 'ಸ್ಸ್ ಸ್ಸ್' ಅಂತ ಸದ್ದು ಮಾಡುವುದು ನಮಗೆಲ್ಲ ಗೊತ್ತು. ಹಳೇ ಪಂಚೆ, ಹಳೇ ಸೀರೆಯ ಬಟ್ಟೆ ಸುತ್ತಿದ್ದ ಮಗು ಒದ್ದೆಯಾದರೆ ಕೂಡಲೇ ತಿಳಿಯುತ್ತಿತ್ತು. ಮಗುವಿಗೆ ಮಾತು ಬರುವ ಮೊದಲೇ ಅರ್ಧ ಪಾಠ ಮುಗಿದಿರುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಗೋಮಿಯ ಪುಸ್ತಕ ಬಂದ 1977ರಲ್ಲೇ ಡಿವ್ರೀಸ್ ಎಂಬ ಸಂಶೋಧಕ ದಂಪತಿ ಪೂರ್ವ ಆಫ್ರಿಕದ ಡಿಗೋ ಜನರ ಬಗ್ಗೆ ಬರೆದರು. ಅಲ್ಲಿಯೂ ತಾಯಿ ಕಾಲು ಚಾಚಿ ಕೂತು, ಮಗುವನ್ನು ಕಾಲ ನಡುವೆ ಹಿಡಿದು ಸದ್ದು ಮಾಡುತ್ತಾಳೆ. ಹುಟ್ಟಿದ ಎರಡು ಮೂರು ವಾರಕ್ಕೇ ಶುರು, ಐದಾರು ತಿಂಗಳಿಗೆ ಮಗು ರೂಢಿಗೆ ಬರುತ್ತದೆ. ಹದಿನೆಂಟು ತಿಂಗಳೆಂಬ ಲೆಕ್ಕ ಎಲ್ಲ ಮಕ್ಕಳದ್ದೂ ಅಲ್ಲ ಎಂದು ಇದರಿಂದ ಗೊತ್ತಾಯಿತು.

ಕನ್ನಡದ ಶಿಶುಸಾಹಿತ್ಯವನ್ನೂ ಈ ಬೆಳಕಿನಲ್ಲಿ ನೋಡಬೇಕು. ಪಂಜೆ ಮಂಗೇಶರಾಯರು ಬದುಕಿದ್ದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು. ಅವರ ಹಾವು, ರಾಜರತ್ನಂ ಅವರ ತುತ್ತೂರಿ, ನಾಯಿಮರಿ ಇವೆಲ್ಲ ಮಾತು ಕಲಿತ, ಅಂಗಳಕ್ಕೆ ಇಳಿದ ಮಗುವಿನ ಲೋಕ. ಅದಕ್ಕೂ ಮೊದಲಿನ ಮಗು ಜೋಗುಳದ, ಅಜ್ಜಿಯ ಪಾಲಿಗೆ ಸೇರಿದ್ದು. ಅದರ ಸಾಹಿತ್ಯ ಬಾಯಲ್ಲೇ ಉಳಿಯಿತು.

4. ಗಡಿಯಲ್ಲಿ ಒಂದು ಪದದ ಬೆಲೆ

ಈಗ ಗಡಿಗೆ ಬರುತ್ತೇನೆ. ಕನ್ನಡದಲ್ಲಿ ಮಗುವಿಗೆ 'ಮೂತ್ರ ವಿಸರ್ಜನೆ ಮಾಡು' ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಉಚ್ಚೆ, ಸುಸ್ಸು, ಕಕ್ಕ, ಒಂದಕ್ಕೆ, ಎರಡಕ್ಕೆ. ಬಡಗಣ ಕಡೆ ಉಚ್ಚಿ, ಕಾಲ್ಮಡಿ. ಗಡಿಯಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಭಾಷೆಯ ಎಳೆಯರ ಮಾತು ಇರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಮರಾಠಿಯ 'ಶೀ', 'ಶೂ'. ಹೊಸೂರು, ತಾಳವಾಡಿಯಲ್ಲಿ ತಮಿಳಿನ 'ಆಯ್', 'ಮೂಚ್ಚಾ'. ಕಾಸರಗೋಡು, ವಯನಾಡಿನಲ್ಲಿ ಮಲೆಯಾಳದ 'ಅಪ್ಪಿ', 'ಮುಳ್ಳುಕ'. ಆದೋನಿ, ರಾಯದುರ್ಗದಲ್ಲಿ ತೆಲುಗಿನ 'ಉಚ್ಚ' ನಮ್ಮ ಉಚ್ಚೆಯ ತಂಗಿಯೇ. ಮಲೆಯಾಳದ 'ಅಪ್ಪಿ' ಕೇಳಿದರೆ ಕನ್ನಡದ ಮಗುವಿಗೆ ಅಪ್ಪಿಕೊಳ್ಳುವುದು ನೆನಪಾಗಬೇಕು!

ತಮಾಷೆ ಇಲ್ಲಿಗೆ ಮುಗಿಯುತ್ತದೆ. 1975ರಲ್ಲೇ ಶುರುವಾದ ಐಸಿಡಿಎಸ್ ಯೋಜನೆಯಿಂದಾಗಿ ಮೂರು ವರ್ಷ ತುಂಬಿದ ಮಗು ಮನೆ ದಾಟಿ ಮೊದಲು ಹೋಗುವ ಜಾಗ ಅಂಗನವಾಡಿ. ಅಲ್ಲಿಯ ಟೀಚರಿಗೆ ಕನ್ನಡ ಬಾರದಿದ್ದರೆ, ಮಗು ಅಲ್ಲಿ ಮೊದಲು ಕೇಳಬೇಕಾದದ್ದು ಹಾಡಲ್ಲ, ಅಕ್ಷರವಲ್ಲ, 'ಉಚ್ಚೆ ಬಂತು' ಅನ್ನುವುದು. ಆ ಮಾತು ಅರ್ಥವಾಗದೇ ಹೋದರೆ ಚಡ್ಡಿ ಒದ್ದೆಯಾಗುತ್ತದೆ, ಬೈಸಿಕೊಳ್ಳುವುದು ಮಗು. ತನ್ನ ಭಾಷೆ ಮನೆಯ ಹೊರಗೆ ನಡೆಯುವುದಿಲ್ಲ ಅಂತ ಮಗುವಿಗೆ ಮೊದಲ ಸಲ ತಿಳಿಯುವುದು ಹೀಗೆ, ಮೈಯ ಮೂಲಕ, ನಾಚಿಕೆಯ ಮೂಲಕ. ಶಾಲೆಯ ಮಾಧ್ಯಮದ ಬಗ್ಗೆ ನಾವು ಮಾಡುವ ಹೋರಾಟ ಇದರ ಎಷ್ಟೋ ವರ್ಷದ ಮೇಲೆ ಬರುತ್ತದೆ.

ಇತ್ತ ಮನೆಯೂ ಬದಲಾಗಿದೆ. ಕಾಲ ಮೇಲೆ ಕೂರಿಸುವ ಅಜ್ಜಿ ಎಲ್ಲ ಮನೆಯಲ್ಲೂ ಇಲ್ಲ. ಡೈಪರ್ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಕಲಿಕೆ ಮಾತು ಬಂದ ಮೇಲಿನ ವಯಸ್ಸಿಗೆ ಜಾರಿದೆ. ಮಾತಿನ ಕೆಲಸ ಈಗ ಫೋನಿನ ಕಾರ್ಟೂನಿಗೆ ಹೋಗುತ್ತಿದೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಟಿವಿಯಲ್ಲೂ ಅಷ್ಟೆ: ಕನ್ನಡದ ಚಿಂಟು ಸಿಗಬೇಕೋ, ಮಲೆಯಾಳದ ಕೊಚ್ಚು, ತಮಿಳಿನ ಚುಟ್ಟಿ ಸಿಗಬೇಕೋ ಅನ್ನುವುದನ್ನು ಮನೆಮಾತು ತೀರ್ಮಾನಿಸುವುದಿಲ್ಲ, ಕೇಬಲ್ ಪ್ಯಾಕೇಜು ತೀರ್ಮಾನಿಸುತ್ತದೆ. ಆ ಕಾರ್ಟೂನುಗಳಲ್ಲಿ ಇರುವುದು ಕುರ್ಚಿಯಂಥ ಕಮೋಡು, ಕಾಗದದ ಸುರುಳಿ. ಮನೆಯಲ್ಲಿ ಇರುವುದು ಕುಕ್ಕರುಗಾಲಲ್ಲಿ ಕೂರುವ ಕಕ್ಕಸು, ಚೊಂಬು ಅಥವಾ ಚರಿಗಿ. ಅಂದರೆ ಮಾತಿನಂತೆ ಚಿತ್ರಕ್ಕೂ ಅನುವಾದ ಬೇಕು.

5. ಮಾಡಬಹುದಾದ ಕೆಲಸ

ಇದು ಅಸಾಧ್ಯವೇನಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದ ಮುಕ್ತ ಪರವಾನಗಿ ಪುಸ್ತಕಗಳನ್ನು ಯಾರು ಬೇಕಾದರೂ ಅನುವಾದಿಸಬಹುದು, ತಮ್ಮ ಊರಿನ ಮಾತಿಗೆ ಹೊಂದಿಸಿಕೊಳ್ಳಬಹುದು. ಒಂದೇ ಚಿತ್ರಸಾಲು ಇಟ್ಟುಕೊಂಡು ಕಾಸರಗೋಡಿಗೆ ಒಂದು, ಜತ್ತಕ್ಕೆ ಒಂದು, ತಾಳವಾಡಿಗೆ ಒಂದು ಪಾಠ ಮಾಡಬಹುದು. ಪುಟದಲ್ಲಿ ಕನ್ನಡದ ಪದದ ಜೊತೆ ಪಕ್ಕದ ಭಾಷೆಯ ಪದವೂ ಇರಲಿ; ಆಗ ಅದು ಮಗುವಿಗೂ ಆಗುತ್ತದೆ, ಟೀಚರಿಗೂ ಆಗುತ್ತದೆ. ಗ್ರಂಥಸ್ಥ ಕನ್ನಡ ಇಲ್ಲಿ ಕೆಲಸಕ್ಕೆ ಬಾರದು. ಫ್ರಾಂಕೆಲ್, ಗೋಮಿ ಮಾಡಿದ್ದನ್ನೇ ನಾವೂ ಮಾಡಬೇಕು: ಮಗು ಆಡುವ ಮಾತನ್ನು ಅಳುಕದೆ ಅಚ್ಚು ಮಾಡಬೇಕು.

ಅದಕ್ಕೆ ಮೊದಲು ಆ ಮಾತುಗಳು ನಮ್ಮ ಕೈಗೆ ಸಿಗಬೇಕು. ಇಲ್ಲಿ ಸೇರಿರುವ ಗಡಿನಾಡಿನ ಸ್ನೇಹಿತರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಎರಡು ವರ್ಷದ ಮಗುವಿಗೆ ಏನು ಹೇಳಿ ಕೂರಿಸುತ್ತಾರೆ, ಮಗು ಏನು ಹೇಳಿ ಕರೆಯುತ್ತದೆ ಅನ್ನುವುದನ್ನು ಬರೆದಿಡಿ. ಹಿರಿಯರು ಇರುವಾಗಲೇ ಕೇಳಿ. ಅವರು ನಕ್ಕಾರು, ನಗಲಿ, ಆಮೇಲೆ ಹೇಳುತ್ತಾರೆ. ಚರ್ಚೆಯಲ್ಲಿ ನಿಮ್ಮ ಊರಿನ ಪದದಿಂದಲೇ ಶುರು ಮಾಡೋಣ.