ನುಂಗಿದ ಬೆಳಕಿನ ಲೆಕ್ಕ

ಒಲೆಯ ಮೇಲಿನ ಸಾರು ಉಕ್ಕಿ ಉರಿಗೆ ಬಿದ್ದಾಗ ಜ್ವಾಲೆಯು ಕ್ಷಣಕಾಲ ಅರಿಸಿನದ ಬಣ್ಣಕ್ಕೆ ತಿರುಗುವುದನ್ನು ಅಡುಗೆಮನೆಯಲ್ಲಿ ಓಡಾಡಿದವರೆಲ್ಲರೂ ಬಲ್ಲರು. ಅದು ಸಾರಿನೊಳಗಿನ ಉಪ್ಪಿನ ಮಹಿಮೆ. ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತು ಉರಿಯಲ್ಲಿ ಕಾದೊಡನೆ ತನ್ನದೇ ಆದ ಹಳದಿ ಬೆಳಕನ್ನು ಬೀರುತ್ತದೆ. ತಾಮ್ರವು ಉರಿಗೆ ಹಸಿರನ್ನು ತರುತ್ತದೆ. ಹೀಗೆ ಒಂದೊಂದು ಧಾತುವಿಗೂ ಒಂದೊಂದು ಬೆಳಕಿನ ಮುದ್ರೆಯುಂಟು. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣವಾಗಿ ಬಿಡಿಸಿ, ಆ ಮುದ್ರೆಯನ್ನು ಓದುವ ವಿದ್ಯೆಗೆ ವರ್ಣಪಟಲ ಶಾಸ್ತ್ರವೆಂದು ಹೆಸರು. ಈ ಶಾಸ್ತ್ರದ ಒಂದು ಉಪಯೋಗವು ಸುಮಾರು ತೊಂಬತ್ತು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದೂ ಮರೆಯಾಗಿದ್ದು, 1952ರಲ್ಲಿ ಆಸ್ಟ್ರೇಲಿಯದ ಒಬ್ಬ ವಿಜ್ಞಾನಿಗೆ ಹೊಳೆಯಿತು. ಆ ಕಥೆಗೂ ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಮಣ್ಣಿಗೂ ದನಕುರಿಗಳಿಗೂ ಏನು ಸಂಬಂಧವೆಂಬುದನ್ನು ಈಗ ನೋಡೋಣ.

ಮೊದಲು ಹಿಂದಿನದನ್ನು ಸ್ವಲ್ಪ ನೆನೆಯಬೇಕು. ಜರ್ಮನಿಯ ಫ್ರೌನ್‌ಹೋಫರ್ 1814ರ ಸುಮಾರಿಗೆ ಸೂರ್ಯನ ಬೆಳಕನ್ನು ಬಿಡಿಸಿ ನೋಡಿದಾಗ, ಬಣ್ಣಗಳ ನಡುನಡುವೆ ನೂರಾರು ಕಪ್ಪು ಗೆರೆಗಳು ಕಂಡವು. ಇವು ಏಕೆಂಬುದಕ್ಕೆ ಉತ್ತರ ದೊರೆತದ್ದು 1859ರಲ್ಲಿ, ಹೈಡೆಲ್‌ಬರ್ಗಿನ ಕಿರ್ಕಾಫ್ ಅವರಿಂದ. ಯಾವ ಧಾತು ಕಾದಾಗ ಯಾವ ಬೆಳಕನ್ನು ಬೀರುವುದೋ, ಆ ಧಾತುವಿನ ಆವಿ ಅದೇ ಬೆಳಕನ್ನು ನುಂಗಲೂ ಬಲ್ಲದು. ಸೂರ್ಯನ ಒಳಗಿನಿಂದ ಹೊರಟ ಬೆಳಕಿನಲ್ಲಿ ಸೋಡಿಯಂನ ಪಾಲನ್ನು ಸೂರ್ಯನ ಹೊರಪದರದ ಸೋಡಿಯಂ ಆವಿಯೇ ನುಂಗಿಬಿಡುವುದರಿಂದ ಆ ಎಡೆ ಕಪ್ಪಾಗಿ ಕಾಣುತ್ತದೆ. ಹೀಗೆ ಧಾತುವನ್ನು ಗುರುತಿಸಲು ಎರಡು ಬಾಗಿಲುಗಳಾದವು: ಬೀರಿದ ಬೆಳಕಿನದೊಂದು, ನುಂಗಿದ ಬೆಳಕಿನದೊಂದು.

ಕಿರ್ಕಾಫ್ ಮತ್ತು ಅವರ ಮಿತ್ರ ಬುನ್ಸೆನ್ ಇಬ್ಬರೂ ಬೀರಿದ ಬೆಳಕಿನ ಬಾಗಿಲಿನಿಂದಲೇ ಹೊಕ್ಕು, 1860 ಮತ್ತು 1861ರಲ್ಲಿ ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ದಿನ ನಮ್ಮ ಜಮಖಂಡಿಯಲ್ಲಿ ದೂರದರ್ಶಕ ಹೂಡಿದ್ದ ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿಯೂ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನೇ ಕಂಡು ಬರೆದಿಟ್ಟನು. ಕಪ್ಪು ಗೆರೆಗಳನ್ನು ಖಗೋಳಶಾಸ್ತ್ರಜ್ಞರು ಬಿಡಲಿಲ್ಲ. ಗಾಳಿಯಲ್ಲಿ ಬೆರೆತ ಪಾದರಸದ ಆವಿಯನ್ನು ಪತ್ತೆಮಾಡುವುದಕ್ಕೂ ಮುಂದೆ ಅದೇ ತತ್ತ್ವ ಬಳಕೆಗೆ ಬಂದಿತು. ಆದರೆ ಲೋಹ, ಮಣ್ಣು, ರಕ್ತಗಳಲ್ಲಿ ಯಾವ ಧಾತು ಎಷ್ಟಿದೆಯೆಂದು ಅಳೆಯುವ ದಿನನಿತ್ಯದ ಕೆಲಸದಲ್ಲಿ ಎರಡನೆಯ ಬಾಗಿಲನ್ನು ತಟ್ಟಿದವರೇ ಇಲ್ಲವೆನ್ನಬಹುದು.

ಅದನ್ನು ತಟ್ಟಿದವರು ಆಲನ್ ವಾಲ್ಷ್. ಇವರು 1916ರಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಹಾಡಲ್ಸ್‌ಡನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದಿ, ಮಹಾಯುದ್ಧದ ವರ್ಷಗಳಲ್ಲಿ ಲಂಡನ್ನಿನ ಲೋಹ ಸಂಶೋಧನ ಸಂಸ್ಥೆಯೊಂದರಲ್ಲಿ ಲೋಹಗಳ ವಿಶ್ಲೇಷಣೆಯಲ್ಲಿ ತೊಡಗಿದ್ದರು. ಅಲ್ಲಿ ಅವರು ಮಾಡುತ್ತಿದ್ದುದು ಪರಮಾಣುಗಳು ಬೀರಿದ ಬೆಳಕನ್ನು ಅಳೆಯುವ ಕೆಲಸ. 1946ರಲ್ಲಿ ಆಸ್ಟ್ರೇಲಿಯದ ಸರಕಾರಿ ವಿಜ್ಞಾನ ಸಂಸ್ಥೆಗೆ ಸೇರಿ ಮೆಲ್ಬೋರ್ನಿಗೆ ಬಂದ ಮೇಲೆ ಅವರ ಪಾಲಿಗೆ ಬಂದದ್ದು ಅಣುಗಳು ನುಂಗುವ ಅತಿರಕ್ತ ಕಿರಣಗಳನ್ನು ಅಳೆಯುವ ಕೆಲಸ. ಎರಡು ಕಸುಬುಗಳನ್ನೂ ಬಲ್ಲವರಿಗೆ ಮಾತ್ರ ಏಳಬಹುದಾದ ಪ್ರಶ್ನೆಯೊಂದು ಅವರಲ್ಲಿ ಎದ್ದಿತು: ಅಣುಗಳ ವಿಷಯದಲ್ಲಿ ನುಂಗಿದ್ದನ್ನು ಅಳೆಯುವ ನಾವು, ಪರಮಾಣುಗಳ ವಿಷಯದಲ್ಲಿ ಬೀರಿದ್ದನ್ನೇ ಏಕೆ ಅಳೆಯುತ್ತೇವೆ?

1952ರ ಮಾರ್ಚ್ ತಿಂಗಳ ಒಂದು ಭಾನುವಾರ, ಮನೆಯ ತರಕಾರಿ ತೋಟದಲ್ಲಿ ಕೆಲಸ ಮಾಡುತ್ತಿದ್ದಾಗ ಈ ಪ್ರಶ್ನೆಯ ಗಂಟು ಬಿಚ್ಚಿಕೊಂಡಿತು. ಗಂಟು ಯಾವುದೆಂಬುದನ್ನು ಒಂದು ಸಂತರ್ಪಣೆಯ ದೃಷ್ಟಾಂತದಿಂದ ತಿಳಿಯಬಹುದು. ಊಟಕ್ಕೆ ಎಷ್ಟು ಜನ ಬಂದಿದ್ದರೆಂದು ತಿಳಿಯಬೇಕು. ಪಂಕ್ತಿಯಲ್ಲಿ ಎದ್ದು ಶ್ಲೋಕ ಹೇಳಿದವರನ್ನು ಎಣಿಸಿದರೆ ಲೆಕ್ಕ ಸಿಕ್ಕೀತೆ? ನೂರು ಮಂದಿಯಲ್ಲಿ ಒಬ್ಬರು ಹೇಳಿದರೆ ಹೆಚ್ಚು. ಖರ್ಚಾದ ಬಾಳೆಯೆಲೆಗಳನ್ನು ಎಣಿಸಿದರೆ ಲೆಕ್ಕ ಖಚಿತ. ಉರಿಯೊಳಗಿನ ಪರಮಾಣುಗಳೂ ಹಾಗೆಯೇ. ಸುಮಾರು 2000 ಡಿಗ್ರಿ ಉಷ್ಣತೆಯಲ್ಲಿ ಸೋಡಿಯಂನ 1 ಲಕ್ಷ ಪರಮಾಣುಗಳಲ್ಲಿ ಒಂದಷ್ಟೆ ಬೆಳಕು ಬೀರುವ ಸ್ಥಿತಿಯಲ್ಲಿರುತ್ತದೆ. ಸತುವಿನಲ್ಲಂತೂ 3000 ಡಿಗ್ರಿಯಲ್ಲಿ ಕೂಡ 100 ಕೋಟಿಗೆ ಒಂದೂ ಇಲ್ಲ. ಉಳಿದವೆಲ್ಲ ಸುಮ್ಮನೆ ಕುಳಿತಿರುತ್ತವೆ. ಆದರೆ ಬೆಳಕು ಬಡಿಸಿದರೆ ನುಂಗಲು ಸಿದ್ಧವಾಗಿರುವುವೂ ಅವೇ. ಶಾಸ್ತ್ರಜ್ಞರು ಇಷ್ಟು ಕಾಲ ಶ್ಲೋಕ ಹೇಳಿದವರನ್ನು ಎಣಿಸುತ್ತಿದ್ದರು. ವಾಲ್ಷರು ಎಲೆಗಳನ್ನು ಎಣಿಸಲು ಹೊರಟರು.

ಮರುದಿನ ಬೆಳಗ್ಗೆಯೇ ಪ್ರಯೋಗಶಾಲೆಯಲ್ಲಿ ಸೋಡಿಯಂ ದೀಪವೊಂದನ್ನು ಹಚ್ಚಿ, ಅದರ ಬೆಳಕಿನ ದಾರಿಯಲ್ಲಿ ಜ್ವಾಲೆಯನ್ನಿಟ್ಟು, ಜ್ವಾಲೆಗೆ ಸೋಡಿಯಂ ಕೊಟ್ಟು ನೋಡಿದರು. ದೀಪದ ಬೆಳಕು ಕುಂದಿತು; ಎಣಿಕೆ ಸರಿಯಾಗಿತ್ತು. ಹಿಗ್ಗಿನಿಂದ ಪಕ್ಕದ ಸಹೋದ್ಯೋಗಿ ಜಾನ್ ವಿಲಿಸ್ ಅವರನ್ನು ಕರೆದು ತೋರಿಸಿದರೆ, ಅವರು ‘ಆದರೇನಂತೆ’ ಎನ್ನುವಂತೆ ನೋಡಿ ಹೋದರು.

ವಿದ್ಯೆ ಹೊಳೆದದ್ದು ಒಂದು ದಿನದಲ್ಲಿ. ಅದು ಕೈಗೆ ಒದಗುವಂತಾಗಲು ಹಲವು ವರ್ಷಗಳೇ ಬೇಕಾದವು. ಪರಮಾಣುವು ನುಂಗುವ ಬೆಳಕಿನ ಗೆರೆ ಬಹಳ ಸಪೂರವಾದುದು. ಸಾಮಾನ್ಯ ದೀಪದ ಬೆಳಕಿನಲ್ಲಿ ಅಷ್ಟು ಸಣ್ಣ ಕೊರತೆಯನ್ನು ಕಾಣುವುದು, ಕೆರೆಯ ನೀರಿನಲ್ಲಿ ಒಂದು ಚೊಂಬು ಕಡಮೆಯಾದುದನ್ನು ಕಂಡಂತೆ. ಆದುದರಿಂದ ತಾಮ್ರವನ್ನು ಅಳೆಯಲು ತಾಮ್ರದ ಬೆಳಕನ್ನೇ ಕೊಡುವ ದೀಪ ಬೇಕು, ಸತುವಿಗೆ ಸತುವಿನ ದೀಪ ಬೇಕು. ಆಯಾ ಲೋಹದಿಂದ ಮಾಡಿದ ಪುಟ್ಟ ಬಟ್ಟಲನ್ನು ಗಾಜಿನ ಬುರುಡೆಯೊಳಗೆ ಇರಿಸಿ ವಿದ್ಯುತ್ತನ್ನು ಹಾಯಿಸುವ ದೀಪಗಳನ್ನು ಅವರೂ ಜತೆಗಾರರೂ ಸಿದ್ಧಗೊಳಿಸಿದರು. ಜ್ವಾಲೆ ತಾನಾಗಿ ಬೀರುವ ಬೆಳಕು ಲೆಕ್ಕವನ್ನು ಕೆಡಿಸದಂತೆ, ದೀಪದ ಬೆಳಕನ್ನು ಮಿಡಿಮಿಡಿಯಾಗಿ ಕಳುಹಿಸಿ, ಮಿಡಿಯುವ ಬೆಳಕನ್ನು ಮಾತ್ರ ಯಂತ್ರ ಎಣಿಸುವಂತೆ ಮಾಡಿದರು. 1954ರಲ್ಲಿ ಈ ಉಪಕರಣವನ್ನು ಮೆಲ್ಬೋರ್ನಿನ ಪ್ರದರ್ಶನವೊಂದರಲ್ಲಿ ಇಟ್ಟಾಗ ಅದರ ಮುಂದೆ ನಿಂತು ಕೇಳಿದವರು ವಿರಳ. 1955ರಲ್ಲಿ ಅವರ ಪ್ರಬಂಧ ಅಚ್ಚಾಯಿತು. ಅದೇ ವರ್ಷ ಹಾಲೆಂಡಿನ ಆಲ್ಕೆಮಾಡೆ ಮತ್ತು ಮಿಲಾಟ್ಸ್ ಎಂಬವರೂ ಸ್ವತಂತ್ರವಾಗಿ ಇದೇ ಮಾತನ್ನು ಹೇಳಿದರು. ಆದರೂ ಒಳ್ಳೆಯ ಯಂತ್ರ ಅಂಗಡಿಗೆ ಬರಲಿಲ್ಲ. ವಾಲ್ಷರು ಬೇಸರಿಸದೆ ಮೆಲ್ಬೋರ್ನಿನ ಸಣ್ಣ ಕಾರ್ಖಾನೆಗಳವರಿಗೆ ಬಿಡಿಭಾಗಗಳನ್ನು ಮಾಡುವುದನ್ನು ಹೇಳಿಕೊಟ್ಟು, ಬೇಕೆಂದವರು ತಾವೇ ಜೋಡಿಸಿಕೊಳ್ಳುವ ಏರ್ಪಾಟು ಮಾಡಿದರು.

ಮೊದಲು ಬೇಕೆಂದವರಲ್ಲಿ ಬೇಸಾಯ ಮತ್ತು ಪಶುಪಾಲನೆಯ ಸಂಶೋಧಕರೇ ಮುಖ್ಯರು. ಅವರಿಗೇಕೆ ಬೇಕಾಯಿತೆಂದು ತಿಳಿಯಲು ನಮ್ಮ ತರೀಕೆರೆ ಏರಿಯ ಮೇಲೆ ನಿಲ್ಲುವುದು ಸಾಕು. ಆ ಏರಿಯ ಕರಿ ಕುರಿಮರಿಗಳ ಹೆಸರು ಹೇಳಿ ನಾಲಗೆ ತಿದ್ದಿಕೊಳ್ಳದ ಕನ್ನಡದ ಮಕ್ಕಳು ಕಡಮೆ. ಅಂಥ ಕರಿ ಕುರಿಯ ಮೇವಿನಲ್ಲಿ ತಾಮ್ರ ತೀರ ಕಡಮೆಯಾದರೆ ಉಣ್ಣೆಯ ಕಪ್ಪು ಮಾಸುತ್ತದೆ, ಸುರುಳಿ ಬಿಚ್ಚಿ ಉಣ್ಣೆ ತಂತಿಯಂತಾಗುತ್ತದೆ. ಹುಟ್ಟುವ ಮರಿಗಳು ಸೊಂಟ ತೂರಾಡಿ ಬೀಳುತ್ತವೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಮರಿಗಳ ಈ ರೋಗಕ್ಕೆ ತಾಮ್ರದ ಕೊರತೆಯೇ ಕಾರಣವೆಂದು ಬೆನೆಟ್ಸ್ ಎಂಬ ಪಶುವೈದ್ಯರು 1937ರಲ್ಲಿ ತಿಳಿಸಿದ್ದರು. ಬೇಕಾದ ತಾಮ್ರವಾದರೂ ಎಷ್ಟು? ಹುಲ್ಲಿನ 10 ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಕಣ್ಣಿಗೆ ಹಸಿರಾಗಿ ಕಾಣುವ ಹುಲ್ಲುಗಾವಲು ಒಳಗೆ ಬಡವಾಗಿರಬಹುದು. ಆ ಬಡತನವನ್ನು ಬೇಗನೆ, ಕಡಮೆ ಖರ್ಚಿನಲ್ಲಿ ಅಳೆಯುವ ಸೇರು ಇರಲಿಲ್ಲ; ವಾಲ್ಷರ ಯಂತ್ರ ಆ ಸೇರಾಯಿತು. 1958ರ ವೇಳೆಗೆ ಕ್ಯಾನ್‌ಬೆರಾದ ಡೇವಿಡ್ ಎಂಬವರು ಗಿಡಗಳಲ್ಲಿನ ಸತು, ತಾಮ್ರ, ಕಬ್ಬಿಣ, ಮೆಗ್ನೀಸಿಯಂಗಳನ್ನು ಇದರಿಂದ ಅಳೆದರು. ಅಂದು ನೋಡಿ ಸುಮ್ಮನೆ ಹೋದ ವಿಲಿಸ್ ಅವರೇ ಮನುಷ್ಯರ ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಸಾಮಾನ್ಯ ಜ್ವಾಲೆಗೆ ಜಗ್ಗದ ಅಲ್ಯುಮಿನಿಯಂನಂಥ ಧಾತುಗಳಿಗೆ ನೈಟ್ರಸ್ ಆಕ್ಸೈಡಿನ ಬಿಸಿ ಜ್ವಾಲೆಯನ್ನು 1965ರಲ್ಲಿ ತಂದವರೂ ಅವರೇ.

ಈಗ ನಮ್ಮ ಸೀಮೆಯನ್ನು ನೋಡೋಣ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ತಳಿಯ ಸಂವರ್ಧನ ಕೇಂದ್ರ 1929ರಿಂದ ಅಜ್ಜಂಪುರದಲ್ಲಿದೆ. ಆ ದನಗಳು ಕಾವಲಿನ ಹುಲ್ಲನ್ನು ನಂಬಿದವು. ಹುಲ್ಲು ಮಣ್ಣನ್ನು ನಂಬಿದ್ದು. ಭದ್ರಾವತಿಯ ಕಾರ್ಖಾನೆಗೆ ಅದಿರನ್ನು ಕೊಟ್ಟ ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಮಣ್ಣಿನ ಬಣ್ಣವಿದೆ. ಕೆಂಪನ್ನು ಕಂಡು ಕಬ್ಬಿಣವೆಂದು ಊಹಿಸಬಹುದು. ಸತು, ತಾಮ್ರಗಳಿಗೆ ಅಂಥ ಬಣ್ಣದ ಸಾಕ್ಷಿಯಿಲ್ಲ. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡಿತು. 2015ರಲ್ಲಿ ಬಂದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸುಗಳಿಗೆ ಒಂದೊಂದು ಸಾಲು ಉಂಟು. ಈ ನಾಲ್ಕನ್ನೂ ಅಳೆಯಲು ಮಣ್ಣಿನ ಪರೀಕ್ಷಾಲಯಗಳಲ್ಲಿ ರೂಢಿಯಲ್ಲಿರುವ ಸಾಧನಗಳಲ್ಲಿ ಪರಮಾಣು ಹೀರಿಕೆಯ ಯಂತ್ರ ಮುಖ್ಯವಾದುದು. ಕಡೂರಿನ ತೆಂಗಿನ ತೋಟದವರು ಹಿಡಿ ಮಣ್ಣನ್ನು ಕಟ್ಟಿ ಕಳುಹಿಸುವಾಗ ಮೆಲ್ಬೋರ್ನಿನ ಆ ತರಕಾರಿ ತೋಟದ ಯೋಚನೆಯ ಫಲವನ್ನು ಉಣ್ಣುವವರೇ ಆಗುತ್ತಾರೆ.

ವಾಲ್ಷರು 1969ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು, 1977ರಲ್ಲಿ ಸರ್ ಪದವಿ ಪಡೆದು ಅದೇ ವರ್ಷ ನಿವೃತ್ತರಾದರು, 1998ರಲ್ಲಿ ತೀರಿಕೊಂಡರು. ಬೀರಿದ ಬೆಳಕನ್ನೇ ಅಳೆಯುವ, ಜ್ವಾಲೆಗಿಂತ ಬಹು ಬಿಸಿಯಾದ ಪ್ಲಾಸ್ಮಾ ಯಂತ್ರಗಳು ಇಂದು ದೊಡ್ಡ ಪ್ರಯೋಗಶಾಲೆಗಳಲ್ಲಿ ಬಂದಿವೆ. ಹಳೆಯ ಬಾಗಿಲೂ ಮತ್ತೆ ತೆರೆದಿದೆಯೆನ್ನೋಣ. ಅದರಿಂದ ವಾಲ್ಷರ ಹೆಚ್ಚಳ ಕುಂದುವುದಿಲ್ಲ. ಅವರು ಹೊಸ ಧಾತುವನ್ನು ಕಾಣಲಿಲ್ಲ, ಹೊಸ ನಿಯಮವನ್ನೂ ಹೇಳಲಿಲ್ಲ. ಕಿರ್ಕಾಫರ ನಿಯಮವು ಪಠ್ಯಪುಸ್ತಕದಲ್ಲಿ ಅಚ್ಚಾಗಿಯೇ ಇತ್ತು. ತೊಂಬತ್ತು ವರ್ಷ ವಿದ್ಯಾರ್ಥಿಗಳು ಅದನ್ನು ಓದಿ ಉತ್ತೀರ್ಣರಾಗಿದ್ದರು. ಓದಿದ್ದನ್ನು ತಿರುಗಿಸಿ ‘ಹೀಗೇ ಏಕೆ?’ ಎಂದು ಕೇಳಿದ್ದೂ, ಕೇಳುವವರಿಲ್ಲದಾಗ ಕೈಬಿಡದೆ ದುಡಿದದ್ದೂ ಅವರ ದೊಡ್ಡತನ. ಮನೆಯ ಮಕ್ಕಳು ಅಂಥ ಪ್ರಶ್ನೆಯೊಂದನ್ನು ಕೇಳಿದಾಗ, ‘ಆದರೇನಂತೆ’ ಎನ್ನುವ ಮುನ್ನ ಹಿರಿಯರು ತುಸು ತಡೆಯುವುದು ಲೇಸು.