ಪರದೆಯ ಲೆಕ್ಕ, ರಕ್ತದ ಲೆಕ್ಕ

2020ರ ಸೆಪ್ಟೆಂಬರ್. ಪ್ರತಿ ಸಂಜೆ ನಾನು ಓದುತ್ತಿದ್ದ ಅಂಕಿಗಳು ನಿಮಗೂ ನೆನಪಿರಬಹುದು. ತಿಂಗಳ ಮಧ್ಯಭಾಗಕ್ಕೆ ಕರ್ನಾಟಕದ ಒಟ್ಟು ಕೊರೊನಾ ಪ್ರಕರಣ ಸುಮಾರು 4.85 ಲಕ್ಷ. ಅದೇ ದಿನಗಳಲ್ಲಿ ಇನ್ನೊಂದು ಲೆಕ್ಕ ಸದ್ದಿಲ್ಲದೆ ನಡೀತಿತ್ತು. ರಾಜ್ಯದ 16,585 ಜನರ ರಕ್ತ ಮತ್ತು ಗಂಟಲು ದ್ರವದ ಪರೀಕ್ಷೆ. ನವೆಂಬರ್‌ನಲ್ಲಿ ಉತ್ತರ ಬಂತು: ಅಷ್ಟರೊಳಗೆ ಸೋಂಕು ತಗುಲಿದ್ದು ಅಂದಾಜು 1.93 ಕೋಟಿ ಜನರಿಗೆ! ನೂರಕ್ಕೆ 27 ಮಂದಿ. ಲೆಕ್ಕಕ್ಕೆ ಸಿಕ್ಕ ಒಬ್ಬರ ಹಿಂದೆ ಸಿಗದವರು 39 ಮಂದಿ.

ಹಾಗಾದ್ರೆ ಸರ್ಕಾರ ಮುಚ್ಚಿಟ್ಟಿತಾ? ಪ್ರಶ್ನೆ ಸಹಜ. ಆದರೆ ನೋಡಿ, ಇವೆರಡೂ ಬೇರೆ ಬೇರೆ ಲೆಕ್ಕ. ದಿನದ ಬುಲೆಟಿನ್ ಎಣಿಸೋದು ಪರೀಕ್ಷೆಗೆ ಬಂದವರನ್ನು ಮಾತ್ರ. ಜ್ವರವೇ ಬಾರದವರು, ಬಂದರೂ ಕಷಾಯ ಕುಡಿದು ಮಲಗಿದವರು ಅದರಲ್ಲಿಲ್ಲ. ಆದರೆ ದೇಹ ಮರೆಯೋದಿಲ್ಲ. ಸೋಂಕು ತಗುಲಿ ಎರಡು ವಾರವಾಗುವ ಹೊತ್ತಿಗೆ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ತವೆ. ವೈರಸ್ ಹೋದ ಮೇಲೂ ತಿಂಗಳುಗಟ್ಟಲೆ ಉಳೀತವೆ. ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂತೀವಲ್ಲ, ಹಾಗೆ. ಆದರೆ ಇಲ್ಲಿ ಪಾತ್ರೆಗಳು ಹಲವು. ಹಾಗಾಗಿ ಗರ್ಭಿಣಿಯರು, ಬಸ್ ಕಂಡಕ್ಟರ್‌ಗಳು, ಪೌರಕಾರ್ಮಿಕರು, ವೃದ್ಧರು ಹೀಗೆ ಬೇರೆ ಬೇರೆ ಗುಂಪಿನವರನ್ನು ಎಲ್ಲ ಜಿಲ್ಲೆಗಳಲ್ಲೂ ಪರೀಕ್ಷಿಸಿದರು.

ದೇಶದ ಮಟ್ಟದಲ್ಲಿ ಈ ಕೆಲಸ ಮಾಡಿದ್ದು ಐಸಿಎಂಆರ್. 2020ರ ಮೇ-ಜೂನ್‌ನಲ್ಲಿ 28,000 ವಯಸ್ಕರ ರಕ್ತ ಪರೀಕ್ಷಿಸಿದಾಗ ಸೋಂಕಿನ ಪ್ರಮಾಣ ಶೇ. 0.73. ಡಿಸೆಂಬರ್-ಜನವರಿಯ ಮೂರನೇ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು.

ಆ ಅಂಕಿಯನ್ನೇ ತಿರುಗಿಸಿ ಓದಿ. ಐವರಲ್ಲಿ ಸುಮಾರು ನಾಲ್ವರಿಗೆ ಇನ್ನೂ ವೈರಸ್ ತಾಗಿರಲೇ ಇಲ್ಲ! ಅಪಾಯ ಮುಗಿದಿಲ್ಲ ಅಂತ ಐಸಿಎಂಆರ್ 2021ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಆದರೆ ಪ್ರಕರಣ ಇಳಿದಿದ್ದವು, ಮದುವೆ-ಜಾತ್ರೆ-ಚುನಾವಣಾ ಸಭೆಗಳು ಶುರುವಾಗಿದ್ದವು. ಮುಂದಾಗಿದ್ದು ನಿಮಗೆ ಗೊತ್ತು. ಡೆಲ್ಟಾ ತಳಿಯ ವೇಗವೂ ಸೇರಿಕೊಂಡಿತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರ ದಾಟಿದ ಪ್ರಕರಣ, ಆಕ್ಸಿಜನ್‌ಗೆ ಪರದಾಟ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು.

ಜೂನ್-ಜುಲೈನ ನಾಲ್ಕನೇ ಸಮೀಕ್ಷೆಯಲ್ಲಿ ಪ್ರತಿಕಾಯ ಇದ್ದವರು ಶೇ. 67.6. ಇದರಲ್ಲಿ ಲಸಿಕೆಯ ಪಾಲೂ ಇತ್ತು. ಈ ಬಾರಿ ಸುದ್ದಿಗೋಷ್ಠಿಯಲ್ಲಿ ಉಳಿದವರ ಲೆಕ್ಕವನ್ನೂ ಹೇಳಿದರು: ಸುಮಾರು 40 ಕೋಟಿ ಜನ ಇನ್ನೂ ಅಪಾಯದಲ್ಲಿದ್ದಾರೆ ಅಂತ.

ರಕ್ತ ಪರೀಕ್ಷೆ ಹೇಳೋದು ನಿನ್ನೆಯ ಕಥೆಯನ್ನ. ನಾಳೆಗೆ ಬೇಕಾದ ಅಂಕಿ ಅದರಲ್ಲೇ ಇರುತ್ತೆ, ನೂರರಿಂದ ಕಳೆದು ನೋಡಬೇಕು ಅಷ್ಟೇ. ಮುಂದೆ ಇಂಥ ಸಮೀಕ್ಷೆ ಪರದೆ ಮೇಲೆ ಬಂದಾಗ, ನನ್ನನ್ನೂ ಸೇರಿಸಿ ಯಾವ ಆಂಕರ್ ಓದಿದರೂ, ಉಳಿದವರೆಷ್ಟು ಅಂತ ಕೇಳಿ.